ಕೇಳಿಸಿದರೆ ಕೈ ಎತ್ತಿ

“ಕೇಳಿಸಿದ್ರೆ ಕೈ ಎತ್ತಿ, ಕೇಳಿಸ್ದಿದ್ರೆ ಎತ್ಬೇಡಿ, ಎಷ್ಟೇ ಸಣ್ಣಗೆ ಕೇಳಿಸಿದ್ರೂ ಎತ್ತಿ, ಸುಮ್ಸುಮ್ನೆ ಎತ್ಬೇಡಿ.”

ಇಷ್ಟನ್ನೂ ನಡುವೆ ಉಸಿರು ತೆಗೆದುಕೊಳ್ಳದೆ ಹೇಳಿ ಮುಗಿಸುವುದು ಕಿವಿ ಮೇಡಂಗೆ ರೂಢಿಯಾಗಿ ಹೋಗಿತ್ತು. ದಿನಕ್ಕೆ ಮೂವತ್ತು ಸಲ ಹೇಳುವ ಮಾತಿಗೆ ಅಲ್ಪವಿರಾಮ ಹಾಕುತ್ತ ಕೂತರೆ ಸಾಯಂಕಾಲದ ಬಸ್ಸು ತಪ್ಪುತ್ತದೆ. ಒಮ್ಮೊಮ್ಮೆ ಬಂದವರು ಇನ್ನೂ ಚಪ್ಪಲಿ ಬಿಡುತ್ತಿರುವಾಗಲೇ ಆಕೆ ಹೇಳಿ ಮುಗಿಸಿರುತ್ತಿದ್ದಳು. ಅವರು ಬಗ್ಗಿದಲ್ಲಿಂದಲೇ ತಲೆ ಎತ್ತಿ, “ಏನಂದ್ರಿ?” ಎನ್ನುತ್ತಿದ್ದರು. ಕಿವಿ ಕೇಳಿಸುವುದಿಲ್ಲವೆಂದೇ ಬಂದವರು “ಏನಂದ್ರಿ” ಎನ್ನುವುದರಲ್ಲಿ ತಪ್ಪೇನಿದೆ? ಏನೂ ಇಲ್ಲ. ಅದು ಗೊತ್ತಿದ್ದೂ ಆಕೆಗೆ ಮೈಯೆಲ್ಲ ಉರಿಯುತ್ತಿತ್ತು.

ಆಸ್ಪತ್ರೆಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ಹಲ್ಲಿಗೊಬ್ಬ ಮೇಡಂ, ಕಣ್ಣಿಗೊಬ್ಬ ಮೇಡಂ ಇದ್ದದ್ದರಿಂದ ಗೊಂದಲ ಬೇಡವೆಂದು ಈಕೆಯನ್ನು ಕಿವಿ ಮೇಡಂ ಎಂದರು. ಹದಿನಾರು ವರ್ಷದಲ್ಲಿ ಅದೇ ಗಟ್ಟಿಯಾಯಿತು. ಆಕೆಯ ಜಾಗ ನೆಲಮಾಳಿಗೆಯಲ್ಲಿ, ಹಳೆ ಫೈಲುಗಳನ್ನು ತುಂಬಿಟ್ಟ ಕೋಣೆಯ ಪಕ್ಕ. ಅಲ್ಲಿ ಕೋಣೆಯೊಳಗೊಂದು ಕೋಣೆ. ಒಳಗಿನದಕ್ಕೆ ಗೋಡೆ ತುಂಬ ಬೂದುಬಣ್ಣದ ಸ್ಪಂಜು, ಗೇಣು ದಪ್ಪದ ಬಾಗಿಲು, ಒಂದು ಕುರ್ಚಿ, ಒಂದು ಹೆಡ್‌ಫೋನು. ಹೊರಗಿನದರಲ್ಲಿ ಮೇಜು, ಮೆಷಿನ್ನು, ಮತ್ತು ಈಕೆ. ನಡುವೆ ಗಾಜಿನ ಕಿಟಕಿ. ಒಳಗೆ ಕೂತವರ ಕಿವಿಗೆ ಈಕೆ ಹೊರಗಿನಿಂದ ಒಂದೊಂದೇ ಸದ್ದು ಕಳಿಸಬೇಕು. ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ, ಇನ್ನೂ ಮೆಲ್ಲಗೆ. ಅವರ ಕೈ ಏಳುವುದು ಎಲ್ಲಿ ನಿಲ್ಲುತ್ತದೋ ಅಲ್ಲಿ ಕಾಗದದ ಮೇಲೆ ಗುರುತು ಹಾಕಬೇಕು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು ಗುರುತು. ಗುರುತುಗಳು ಕಾಗದದ ಮೇಲ್ಭಾಗದಲ್ಲೇ ಸಾಲಾಗಿ ನಿಂತರೆ ಕಿವಿ ಸರಿ ಇದೆ. ಕೆಳಗಿಳಿದಷ್ಟೂ ಕಿವಿ ಮಂದ.

“ಅಷ್ಟೇನಾ? ಗುಂಡಿ ಒತ್ತೋ ಕೆಲ್ಸ!” ಎನ್ನುವುದು ಇದನ್ನು ಕೇಳಿದ ಎಲ್ಲರ ಮಾತು. ನೆಂಟರು ಅಂದರು, ನೆರೆಮನೆಯವರು ಅಂದರು, ಕೊನೆಗೆ ಆಸ್ಪತ್ರೆಯ ಲಿಫ್ಟಿನವನೂ ಅಂದ. “ನಮ್ಮಿಬ್ರದೂ ಒಂದೇ ಕೆಲ್ಸ ಬಿಡಿ ಮೇಡಂ. ನಾನು ಜನಾನ ಮೇಲೆ ಕೆಳಗೆ ಕಳಿಸ್ತೀನಿ, ನೀವು ಸದ್ದನ್ನ ಮೇಲೆ ಕೆಳಗೆ ಕಳಿಸ್ತೀರಿ.” ಬೇರೆ ಕಾಲವಾಗಿದ್ದರೆ ಆಕೆ ನಕ್ಕುಬಿಡುತ್ತಿದ್ದಳು.

ಯಾಕೆಂದರೆ ಈ ಕೆಲಸ ಗುಂಡಿ ಒತ್ತುವುದರಲ್ಲಿ ಇಲ್ಲ ಎನ್ನುವುದು ಆಕೆಗೆ ಮೊದಲ ದಿನವೇ ಗೊತ್ತಾಗಿತ್ತು. ಕೆಲಸ ಕಲಿಸಿದ ಮುದಿ ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತ ಹೇಳಿದ್ದರು: “ಒತ್ತೋದನ್ನ ಯಾರು ಬೇಕಾದ್ರೂ ಮಾಡ್ತಾರಮ್ಮ. ನೀನು ಕಾಯೋದು ಕಲಿ. ಒಂದ್ಸಲ ಬೇಗ ಒತ್ತು, ಒಂದ್ಸಲ ತಡ ಮಾಡು. ನಿನ್ನ ತಾಳ ಅವ್ರಿಗೆ ಸಿಗ್ಬಾರ್ದು. ನಿನ್ನ ಕೈ, ನಿನ್ನ ಮುಖ, ಏನೂ ಹೇಳ್ಬಾರ್ದು. ಹೇಳಿದ್ರೆ ಅವ್ರು ಕಿವೀಲಿ ಕೇಳೋದು ಬಿಟ್ಟು ಕಣ್ಣಲ್ಲಿ ಕೇಳ್ತಾರೆ.” ಆಕೆ ಆ ಮಾತನ್ನು ಹದಿನೈದು ವರ್ಷ ಪಾಲಿಸಿದಳು. ಒಂದು ಪುಟ್ಟ ಮಗುವಿನ ಎದುರು ಮುಕ್ಕಾಲು ಗಂಟೆ ಕಾದು ಕೂತು, ಅದರ ಬೆರಳು ನಿಜವಾಗಿ ಅಲುಗಿದ ಕ್ಷಣವನ್ನು ಹಿಡಿದ ದಿನಗಳಿದ್ದವು. ಅಂಥ ದಿನ ಮನೆಗೆ ಹೋಗುವಾಗ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಬೇಜಾರಾಗುತ್ತಿರಲಿಲ್ಲ.

ಎಲ್ಲ ಕೆಟ್ಟದ್ದು ಒಂದು ಮಾತಿನಿಂದ. ಆ ಮಾತು ‘ಸದ್ಯಕ್ಕೆ’.

ಹತ್ತು ತಿಂಗಳ ಹಿಂದೆ ಜೊತೆಯಲ್ಲಿ ಕೆಲಸ ಮಾಡುತ್ತಿದ್ದವಳು ಬೇರೆ ಊರಿಗೆ ಹೋದಾಗ ದೊಡ್ಡ ಡಾಕ್ಟರು ಕರೆಸಿ ಹೇಳಿದರು: “ಸದ್ಯಕ್ಕೆ ನೀವೊಬ್ರೇ ನೋಡ್ಕೊಳಿ. ಇನ್ನೊಬ್ರನ್ನ ತಗೋತೀವಿ.” ಆಕೆ ಆಗಲಿ ಎಂದಳು. ಎರಡು ತಿಂಗಳಾದ ಮೇಲೆ ಊರಿನ ಶಾಲೆಗಳು ಮಕ್ಕಳೆಲ್ಲ ಕಿವಿ ಪರೀಕ್ಷೆಯ ಕಾಗದ ತರಬೇಕೆಂದು ಹಟ ಹಿಡಿದವು. ಆಸ್ಪತ್ರೆ ಯಾವ ಶಾಲೆಗೂ ಇಲ್ಲವೆನ್ನಲಿಲ್ಲ. “ಸದ್ಯಕ್ಕೆ ಸ್ವಲ್ಪ ಬೇಗ ಬೇಗ ಮುಗ್ಸಿ.” ಹನ್ನೆರಡಿದ್ದದ್ದು ಇಪ್ಪತ್ತಾಯಿತು, ಇಪ್ಪತ್ತು ಮೂವತ್ತಾಯಿತು. ಆರನೇ ತಿಂಗಳಲ್ಲಿ ಆಕೆ ಮತ್ತೆ ಹೋಗಿ ಕೇಳಿದಳು. “ಅರ್ಜಿ ಮೇಲೆ ಹೋಗಿದೆ. ಸದ್ಯಕ್ಕೆ ಅಡ್ಜಸ್ಟ್ ಮಾಡ್ಕೊಳಿ.” ಯಾವ ಮೇಲೆ? ಡಾಕ್ಟರ ಕೋಣೆಯ ಮೇಲೆ ನೀರಿನ ಟ್ಯಾಂಕು ಬಿಟ್ಟರೆ ಇನ್ನೇನೂ ಇರಲಿಲ್ಲ.

ಮನೆಯಲ್ಲಾದರೂ ಸುಖವೇ? ಗಂಡ ಕಾರು ಕಲಿಸುವ ಶಾಲೆಯ ಮೇಷ್ಟ್ರು. ದಿನವಿಡೀ ಕಲಿಯುವವರ ಪಕ್ಕ ಕೂತು “ಬ್ರೇಕು, ಬ್ರೇಕು!” ಎಂದು ಕೂಗಿ ಕೂಗಿ ಅವನ ಗಂಟಲು ಒಂದೇ ಎತ್ತರಕ್ಕೆ ನಿಂತುಬಿಟ್ಟಿತ್ತು, ಉಪ್ಪು ಕೊಡು ಎನ್ನುವುದನ್ನೂ ಅಪಘಾತ ತಪ್ಪಿಸುವವನ ಹಾಗೆ ಹೇಳುತ್ತಿದ್ದ. ಒಳ್ಳೆಯವನೇ, ಅದರಲ್ಲಿ ಎರಡು ಮಾತಿಲ್ಲ, ಆದರೆ ಜೋರು. ಇನ್ನು ಅತ್ತೆ. ಅತ್ತೆಯ ಟೀವಿ ಬೀದಿಯ ತುದಿಗೆ ಕೇಳಿಸುತ್ತಿತ್ತು. ಕಿವಿ ಪರೀಕ್ಷೆ ಮಾಡುವವಳ ಮನೆಯಲ್ಲೇ ಕಿವಿ ಕೇಳಿಸದ ಅತ್ತೆ! “ಒಂದ್ಸಲ ಬನ್ನಿ ಅತ್ತೆ, ನೋಡೇಬಿಡೋಣ” ಎಂದರೆ, “ನಂಗೇನಾಗಿದೆ? ನೀವು ಯಾರೂ ಬಾಯ್ಬಿಟ್ಟು ಮಾತಾಡಲ್ಲ, ಅಷ್ಟೇ” ಎನ್ನುತ್ತಿದ್ದರು. ಆಕೆಗೆ ಹಣೆ ಹಣೆ ಚಚ್ಚಿಕೊಳ್ಳುವಂತಾಗುತ್ತಿತ್ತು.

ಇದರ ನಡುವೆ ಗಂಡ ಹೊಸದೊಂದು ತಮಾಷೆ ಕಂಡುಹಿಡಿದಿದ್ದ. ಆಕೆ ಚಪ್ಪಲಿ ಬಿಡುವಾಗಲೋ, ಪಾತ್ರೆ ಎತ್ತಿಡುವಾಗಲೋ ಅವನು ಸೋಫಾದಿಂದಲೇ, “ಏನೇ ಅದು, ಟೈರಿನ ಗಾಳಿ ಬಿಟ್ಟ ಹಾಗೆ? ಪಂಕ್ಚರ್ರಾ?” ಎನ್ನುತ್ತಿದ್ದ.

“ಏನು ಗಾಳಿ? ನಾನೇನ್ ಮಾಡ್ದೆ?”

“ಉಸ್ ಅಂದ್ಯಲ್ಲ.”

“ನಾನು ಉಸ್ಸೂ ಅಂದಿಲ್ಲ, ಬುಸ್ಸೂ ಅಂದಿಲ್ಲ. ನಿಮ್ಗೆ ಕೆಲ್ಸ ಇಲ್ಲ.” ಆಕೆ ಸುಳ್ಳು ಹೇಳುತ್ತಿರಲಿಲ್ಲ. ಆಕೆಗೆ ನಿಜಕ್ಕೂ ಅದು ಗೊತ್ತಿರಲಿಲ್ಲ.

ಗೊತ್ತಾಗಬೇಕಾದ್ದು ಇನ್ನೂ ಎಷ್ಟೋ ಇತ್ತು. ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ಬಸ್ಸು ಬಂದು ಬಾಗಿಲು ತೆರೆದರೂ ಕಾಲು ಏಳುತ್ತಿರಲಿಲ್ಲ. ಕಣ್ಣೆದುರೇ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತುತ್ತಿದ್ದಳು. ರಜಾದಿನ ಮಧ್ಯಾಹ್ನದವರೆಗೆ ಮಲಗಿದರೂ ಎದ್ದಾಗ ಮೈ ಹಾಗೇ ಭಾರ. ನೆಲಮಾಳಿಗೆಯ ಮೆಟ್ಟಿಲಿಳಿಯುವಾಗ, ಬೆಂಚಿನ ಮೇಲೆ ಸಾಲಾಗಿ ಕೂತವರನ್ನು ಕಂಡರೆ ಅವರು ಜನರೆನಿಸುತ್ತಿರಲಿಲ್ಲ. ಬರೀ ಕಿವಿಗಳು, ಅರವತ್ತು ಕಿವಿಗಳು. ಒಂದು ದಿನ ಒಬ್ಬ ಮುದುಕರು ಕೈ ಎತ್ತಲೋ ಬೇಡವೋ ಎಂದು ಅನುಮಾನಿಸುತ್ತ ಕೈಯನ್ನು ಅರ್ಧಕ್ಕೆ ನಿಲ್ಲಿಸಿದಾಗ, ಆಕೆ ದಪ್ಪ ಬಾಗಿಲು ತೆರೆದು, “ಎತ್ತೋದಾದ್ರೆ ಎತ್ತಿ, ಇಲ್ದಿದ್ರೆ ಇಳ್ಸಿ! ನಂಗೇನು ಬೇರೆ ಕೆಲ್ಸ ಇಲ್ವಾ?” ಎಂದು ಬಾಯಿಗೆ ಬಂದಂತೆ ಕೂಗಿದಳು. ಮುದುಕರು ಹೆದರಿ ಎರಡೂ ಕೈ ಎತ್ತಿದರು. ಲಿಫ್ಟಿನವನಿಗೆ ಇದು ವಾರವಿಡೀ ನಗುವ ಸರಕಾಯಿತು. ಆಕೆಗೆ ಮಾತ್ರ ಆ ಎರಡು ಕೈಗಳು ಮರೆಯಲಿಲ್ಲ. ಆದರೂ ಮರುದಿನ ಮೂವತ್ತು ಜನ ಬಂದರು, ಆಕೆ ಮೂವತ್ತು ಕಾಗದ ತುಂಬಿಸಿದಳು.

ಹೀಗಿರುವಾಗ ಒಂದು ದಿನ ಊಟದ ಹೊತ್ತಿಗೆ, ಆಕೆ ಹೆಡ್‌ಫೋನಿನ ಪಿನ್ನು ಕಿತ್ತಿಟ್ಟು ಡಬ್ಬಿ ತೆಗೆಯುತ್ತಿದ್ದಾಗ, ಒಬ್ಬಳು ಹೆಂಗಸು ಏಳೆಂಟು ವರ್ಷದ ಹುಡುಗಿಯ ಕೈ ಹಿಡಿದು ಒಳಗೆ ಬಂದಳು. ಬಟ್ಟೆ ಹೊಲಿಯುವವಳು, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ಅಂಗಡಿಯಿಂದ ನೇರ ಬಂದಿದ್ದಳೆಂದು ಕಾಣುತ್ತದೆ. ಕೈಯಲ್ಲಿ ಮಡಿಸಿ ಮಡಿಸಿ ಹಳತಾದ ಕಾಗದ.

“ಟೋಕನ್ ಎಲ್ಲಿ?” ಎಂದಳು ಕಿವಿ ಮೇಡಂ.

“ಟೋಕನ್ ಬೇಡ ಮೇಡಂ, ಪರೀಕ್ಷೆ ಆಗಿದೆ. ಮೂರು ತಿಂಗಳ ಹಿಂದೆ ನೀವೇ ಮಾಡಿದ್ರಿ. ಕಿವಿ ಸರಿ ಇದೆ ಅಂತ ನೀವೇ ಬರ್ದಿದೀರಿ.” ಹೊಲಿಗೆಯವಳು ಕಾಗದ ಬಿಡಿಸಿದಳು. ಕೆಂಪು ಸೊನ್ನೆ, ನೀಲಿ ಗುರುತು, ಎಲ್ಲ ಮೇಲ್ಭಾಗದಲ್ಲಿ ಒಂದೇ ಸಾಲಿಗೆ.

“ಸರಿ ಇದೆಯಲ್ಲಮ್ಮ. ಮತ್ತೆ ಯಾಕೆ ಬಂದ್ರಿ?”

“ಹಾಗಾದ್ರೆ ಇವ್ಳಿಗೆ ಏನಾಗಿದೆ ಅಂತ ಕೇಳೋಕೆ ಬಂದೆ. ಎದುರಿಗೆ ನಿಂತು ಹೇಳಿದ್ರೆ ಎಲ್ಲಾ ತಿಳ್ಕೋತಾಳೆ. ಹಿಂದಿನಿಂದ ಕರೆದ್ರೆ ತಿರುಗಿ ಕೂಡ ನೋಡಲ್ಲ. ಸ್ಕೂಲಲ್ಲಿ ಟೀಚರು ಬೋರ್ಡ್ ಕಡೆ ತಿರುಗಿ ಹೇಳಿದ್ದು ಒಂದೂ ಬರಿಯಲ್ವಂತೆ. ಕಿವಿ ಸರಿ ಇದೆ ಅಂತ ಕಾಗ್ದ ಇದೆ, ಇದು ಬರೀ ಹಟ, ನಾಟಕ ಅಂತಾರೆ. ಈ ತಿಂಗಳು ನೋಡ್ಕೊಂಡು ಕೆಳಗಿನ ಕ್ಲಾಸಿಗೆ ಕಳಿಸ್ತಾರಂತೆ. ಹಟಕ್ಕೆ ಯಾವ ಡಾಕ್ಟ್ರು ಮೇಡಂ? ಅದನ್ನಾದ್ರೂ ಹೇಳಿ.”

“ಅದನ್ನ ನನ್ ಕೇಳಿದ್ರೆ? ಮೇಲ್ಗಡೆ ವಿಚಾರಿಸಿ. ಕಿವಿ ಸರಿ ಇದೆ. ನಂದು ಅಷ್ಟೇ.” ಆಕೆ ಡಬ್ಬಿಯ ಮುಚ್ಚಳ ತೆಗೆದಳು. ತೆಗೆದ ಮುಚ್ಚಳದ ಸದ್ದೇ ಅವರಿಬ್ಬರಿಗೂ ಹೋಗಿ ಎಂದು ಹೇಳಿತು.

ಅವರು ಹೋದರು. ಆಗ ಕಣ್ಣಿಗೆ ಬಿತ್ತು, ಬೆಂಚಿನ ಮೇಲೆ ಹುಡುಗಿಯ ನೀರಿನ ಬಾಟಲು. ಇನ್ನು ಇದಕ್ಕೂ ತಾನೇ ಏಳಬೇಕೆಂದು ಗೊಣಗುತ್ತ ಆಕೆ ಬಾಗಿಲಿಗೆ ಬಂದು ಕೂಗಿದಳು. “ಏ ಪುಟ್ಟಿ! ನಿನ್ ಬಾಟ್ಲು!”

ಖಾಲಿ ಕಾರಿಡಾರು. ಹತ್ತು ಹೆಜ್ಜೆ ದೂರ. ತಾಯಿ ಥಟ್ಟನೆ ತಿರುಗಿದಳು. ಹುಡುಗಿ ನಡೆಯುತ್ತಲೇ ಇದ್ದಳು. “ಕೂಗ್ತಿರೋದು ಕೇಳ್ಸಲ್ವೇನೇ?” ಎಂದು ತಾಯಿ ಬೆನ್ನಿಗೊಂದು ಕೊಟ್ಟಳು. ಆಗ ಹುಡುಗಿ ನಿಂತಳು. ಮೊದಲು ತಾಯಿಯ ಮುಖ ನೋಡಿದಳು, ಆಮೇಲೆ ತಾಯಿಯ ಬೆರಳು ನೋಡಿದಳು, ಆಮೇಲೆ ಬೆರಳು ತೋರಿಸಿದ ಕಡೆ ನೋಡಿದಳು.

ಹದಿನಾರು ವರ್ಷದಲ್ಲಿ ಆ ಮೂರು ನೋಟಗಳನ್ನು ಕಿವಿ ಮೇಡಂ ನೂರಾರು ಮಕ್ಕಳಲ್ಲಿ ಕಂಡಿದ್ದಳು. ಅದು ಹಟವಲ್ಲ.

“ಬನ್ನಿ ಇಲ್ಲಿ. ಇನ್ನೊಂದ್ಸಲ ನೋಡೋಣ.”

“ಮತ್ತೆ ಟೋಕನ್ನು...”

“ಟೋಕನ್ ಮನೆ ಹಾಳಾಗ್ಲಿ, ಬನ್ನಿ.”

ಹುಡುಗಿಯನ್ನು ಒಳಗೆ ಕೂರಿಸಿ ಹೆಡ್‌ಫೋನು ಹಾಕಿ, ದಪ್ಪ ಬಾಗಿಲು ಮುಚ್ಚಿ, ಹೊರಗೆ ಮೆಷಿನ್ನಿನ ಮುಂದೆ ಕೂತಳು. ಗುಂಡಿ ಒತ್ತಿದಳು. ಕೈ ಎದ್ದಿತು. ಸದ್ದು ತಗ್ಗಿಸಿ ಒತ್ತಿದಳು. ಎದ್ದಿತು. ಇನ್ನೂ ತಗ್ಗಿಸಿದಳು. ಮತ್ತೂ ಎದ್ದಿತು. ಶಾಲೆಯಲ್ಲಿ ಉತ್ತರ ಗೊತ್ತಿರುವ ಮಕ್ಕಳು ಎತ್ತುವ ಹಾಗೆ ನೆಟ್ಟಗೆ, ನಗುನಗುತ್ತ ಎತ್ತುತ್ತಿದ್ದಳು. ದೊಡ್ಡವರಿಗೇ ಕಷ್ಟವಾಗುವ ಸಣ್ಣ ಸದ್ದಿಗೂ ಕೈ ಮೇಲೆ. ಹಾಗಾದರೆ ಕಾರಿಡಾರಿನಲ್ಲಿ ಕಂಡದ್ದೇನು? ನಿಜಕ್ಕೂ ನಾಟಕವೇ? ಆಕೆಗೆ ಸಿಟ್ಟು ನೆತ್ತಿಗೇರಿತು. ಊಟ ಬಿಟ್ಟು ಕೂತದ್ದಕ್ಕೆ ಈ ಚೋಟುದ್ದದವಳು ಆಟ ಆಡಿಸುತ್ತಿದ್ದಾಳೆ. ಎಡಗಿವಿಗೆ ಬದಲಿಸಲೆಂದು ಮೆಷಿನ್ನಿನ ಪಕ್ಕಕ್ಕೆ ಕೈ ಹಾಕಿದಳು.

ಅಲ್ಲಿ ಹೆಡ್‌ಫೋನಿನ ಪಿನ್ನುಗಳು, ಕೆಂಪಿನದೊಂದು ನೀಲಿಯದೊಂದು, ಮೇಜಿನ ಮೇಲೆ ಹಾಗೇ ಬಿದ್ದಿದ್ದವು. ಊಟಕ್ಕೆ ಮುಂಚೆ ತಾನೇ ಕಿತ್ತಿಟ್ಟದ್ದು. ಮತ್ತೆ ಸಿಕ್ಕಿಸಿರಲಿಲ್ಲ.

ಅಂದರೆ ಹುಡುಗಿಯ ಕಿವಿಗೆ ಈವರೆಗೆ ಒಂದು ಸದ್ದೂ ಹೋಗಿರಲಿಲ್ಲ.

ಆಕೆ ಎದ್ದು ಒಳಗೆ ಹೋಗಿ ಹುಡುಗಿಯ ಎದುರಿಗೆ ಕುಕ್ಕರಗಾಲಿನಲ್ಲಿ ಕೂತಳು. ಹೆಡ್‌ಫೋನು ತೆಗೆದಳು. “ಪುಟ್ಟಿ, ನಿಂಗೆ ಏನಾದ್ರೂ ಕೇಳಿಸ್ತಾ?”

ಹುಡುಗಿ ಆಕೆಯ ತುಟಿಯನ್ನೇ ನೋಡುತ್ತಿದ್ದಳು. ಇಲ್ಲವೆಂದು ತಲೆಯಾಡಿಸಿದಳು.

“ಮತ್ತೆ ಕೈ ಯಾಕೆ ಎತ್ತಿದೆ?”

“ನೀವು ಎತ್ತು ಅಂದ್ರಲ್ಲ.”

“ನಾನು ಯಾವಾಗ ಅಂದೆ?”

“ಹೀಗೆ.” ಹುಡುಗಿ ಎರಡೂ ಭುಜ ಮೇಲಕ್ಕೆತ್ತಿದಳು, ಕೆನ್ನೆ ಉಬ್ಬಿಸಿದಳು, ಕಣ್ಣು ಅರ್ಧ ಮುಚ್ಚಿ, ಭುಜಗಳನ್ನು ಧೊಪ್ಪನೆ ಇಳಿಬಿಟ್ಟು ಉಸ್ಸೆಂದು ಉಸಿರು ಬಿಟ್ಟಳು. “ನೀವು ಹೀಗೆ ಮಾಡಿದಾಗ ಎತ್ಬೇಕು ಅಲ್ವಾ ಆಂಟಿ? ಹೋದ್ಸಲಾನೂ ಹಂಗೇ ಮಾಡಿದ್ದೆ. ಒಂದೂ ತಪ್ಪಿಲ್ಲ ಅಂದ್ರಿ.”

ಏಳು ವರ್ಷದ ಮೈಯ ಮೇಲೆ ಆಕೆ ತನ್ನನ್ನೇ ನೋಡಿದಳು. ಅಷ್ಟು ದಣಿದ ಹೆಂಗಸು! ಮೂವತ್ತು ಜನರಿಗೆ, ಒಬ್ಬೊಬ್ಬರಿಗೂ ಹತ್ತಾರು ಗುಂಡಿ, ಒಂದೊಂದು ಗುಂಡಿಗೂ ಒಂದು ಉಸ್. ಹತ್ತು ತಿಂಗಳಿಂದ ಇಡೀ ಆಸ್ಪತ್ರೆಯ ಕಿವಿ ನೋಡಿದವಳಿಗೆ ತನ್ನ ಸದ್ದು ಕೇಳಿಸಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಗಿಂತ ಮೊದಲು ಅಳು ಬಂತು. ಮಗುವಿನ ಎದುರು ಅಳಬಾರದೆಂದು ಎದ್ದು, ಕುರ್ಚಿಯನ್ನು ಗಾಜಿಗೆ ಬೆನ್ನು ಮಾಡಿ ತಿರುಗಿಸಿ, ಪಿನ್ನು ಸಿಕ್ಕಿಸಿ, ಮತ್ತೆ ಮೊದಲಿನಿಂದ ಶುರುಮಾಡಿದಳು. ಈ ಸಲ ಒತ್ತುವುದಕ್ಕಿಂತ ಹೆಚ್ಚು ಕಾದಳು. ಕೈ ಬಹಳ ಹೊತ್ತು ಏಳಲಿಲ್ಲ. ಕೆಂಪು ಸೊನ್ನೆಗಳು ಕಾಗದದ ನಡುವಿಗೆ ಇಳಿದವು, ನೀಲಿ ಗುರುತುಗಳು ಅದಕ್ಕೂ ಕೆಳಗೆ.

ಹೊಲಿಗೆಯವಳಿಗೆ ಹೇಗೆ ಹೇಳುವುದು? ಸುತ್ತಿ ಬಳಸಿ ಹೇಳಲು ಆಕೆಗೆ ಶಕ್ತಿಯೇ ಉಳಿದಿರಲಿಲ್ಲ. “ಮಗೂಗೆ ಕೇಳಿಸ್ತಾ ಇಲ್ಲಮ್ಮ. ಮೊದಲಿಂದಾನೂ ಕೇಳಿಸ್ತಿರಲಿಲ್ಲ ಅನ್ಸುತ್ತೆ. ಹೋದ್ಸಲ ನಾನು ತಪ್ಪು ಬರ್ದೆ.”

ತಾಯಿ ಹಳೆ ಕಾಗದ ನೋಡಿದಳು, ಹೊಸ ಕಾಗದ ನೋಡಿದಳು. ಅಳತೆಯ ಟೇಪನ್ನು ಕೊರಳಿಂದ ಎಳೆದು ಬೆರಳಿಗೆ ಸುತ್ತತೊಡಗಿದಳು. “ಈ ಕಾಗ್ದ ಇತ್ತು ಅಂತ ನಾನು ಇವ್ಳಿಗೆ ಹೊಡ್ದಿದೀನಿ” ಎಂದಳು. “ಕಿವಿ ಸರಿ ಇಟ್ಕೊಂಡು ನಾಟಕ ಮಾಡ್ತೀಯಾ ಅಂತ. ಮೂರು ತಿಂಗ್ಳು ಮೇಡಂ. ಈಗ್ಲೂ ನಿಮ್ ಎದುರಿಗೇ ಒಂದು ಕೊಟ್ಟೆ.”

ಕ್ಷಮಿಸಿ ಎಂದಳೋ ಇಲ್ಲವೋ ಕಿವಿ ಮೇಡಂಗೆ ಆಮೇಲೆ ನೆನಪಾಗಲಿಲ್ಲ. ಎರಡೂ ಕಾಗದ ತೆಗೆದುಕೊಂಡು ಅವರಿಬ್ಬರನ್ನೂ ಕರೆದುಕೊಂಡು ಮೇಲೆ ದೊಡ್ಡ ಡಾಕ್ಟರ ಹತ್ತಿರ ಹೋದಳು. ಡಾಕ್ಟರು ಹುಡುಗಿಯ ಕಿವಿ ನೋಡಿ, ಎರಡೂ ಕಿವಿಗೆ ಮೆಷಿನ್ನು ಬೇಕೆಂದು ಬರೆದು, ತಾಯಿ ಮಗಳನ್ನು ಹೊರಗೆ ಕೂರಲು ಹೇಳಿದರು. ಆಮೇಲೆ ದನಿ ತಗ್ಗಿಸಿದರು.

“ಮೂರು ತಿಂಗ್ಳಾಗಿದೆ ಅಲ್ವಾ? ಆಮೇಲೆ ಕಮ್ಮಿಯಾಗಿದೆ ಅಂತ ಇಟ್ಕೊಳಿ. ಹೊಸ ರಿಪೋರ್ಟ್ ಕೊಟ್ಬಿಡಿ. ಹಳೇದರ ಸುದ್ದಿ ಸದ್ಯಕ್ಕೆ ಎತ್ತೋದು ಬೇಡ.”

ಅವರು ಬೇರೆ ಯಾವ ಮಾತು ಆಡಿದ್ದರೂ ಆಕೆ ಬಹುಶಃ ತಲೆ ತಗ್ಗಿಸಿ ಹೋಗುತ್ತಿದ್ದಳು.

“ಸದ್ಯಕ್ಕೆ!” ಎಂದಳು. ದನಿ ಎಷ್ಟು ಏರಿತೆಂದರೆ ಹೊರಗೆ ಟೋಕನ್ ಕೂಗುವವನು ಬಾಗಿಲ ಸಂದಿಯಿಂದ ಇಣುಕಿದ. “ನಿಮ್ಮ ಸದ್ಯಕ್ಕೆ ಹತ್ತು ತಿಂಗ್ಳಾಯ್ತು ಸಾರ್! ಹೊಸ ಕಾಗ್ದ ಮಾತ್ರ ಕೊಟ್ರೆ ಆ ಮಗು ಮೂರು ತಿಂಗ್ಳು ನಾಟಕ ಆಡ್ತು ಅಂತ್ಲೇ ಉಳಿಯುತ್ತೆ. ಆಮೇಲೆ ಕಿವುಡಾಯ್ತು ಅಂತಾರೆ, ಮೊದ್ಲು ಸುಳ್ಳು ಹೇಳ್ತಿತ್ತು ಅಂತಾರೆ. ಸುಳ್ಳು ಹೇಳಿದ್ದು ನನ್ನ ಕಾಗ್ದ, ಅವಳಲ್ಲ!”

“ನಿಮ್ಮ ಕೆಲ್ಸಕ್ಕೇ ತೊಂದ್ರೆ ಆಗುತ್ತೆ. ಯೋಚ್ನೆ ಮಾಡಿ.”

“ಯೋಚ್ನೆ ಮಾಡೋಕೆ ಎಲ್ಲಿ ಬಿಟ್ರಿ? ದಿನಕ್ಕೆ ಮೂವತ್ತು ಜನ!” ಆಕೆ ಡಾಕ್ಟರ ಮೇಜಿನ ಮೇಲಿದ್ದ ಪೆನ್ನನ್ನೇ ತೆಗೆದುಕೊಂಡು, ಹೊಸ ಕಾಗದದ ಕೆಳಗೆ ದೊಡ್ಡಕ್ಷರದಲ್ಲಿ ಬರೆದಳು: ‘ಈ ಮಗುವಿನ ಹಿಂದಿನ ವರದಿ ತಪ್ಪು. ತಪ್ಪು ಪರೀಕ್ಷೆ ಮಾಡಿದವಳದು, ಮಗುವಿನದಲ್ಲ.’ ಸಹಿ ಹಾಕಿ, ಹೊರಗೆ ಹೋಗಿ ಹೊಲಿಗೆಯವಳ ಕೈಗೆ ಕೊಟ್ಟಳು. ಅವಳು ಓದಿ, ಮಡಿಸಿ, ಮಗಳನ್ನು ಕರೆದುಕೊಂಡು ಹೋದಳು.

ಸಾಯಂಕಾಲ ಮನೆಗೆ ಬಂದವಳೇ ಟೀವಿ ಆರಿಸಿದಳು. ಅತ್ತೆ ಬಾಯಿ ತೆರೆದವರು ಸೊಸೆಯ ಮುಖ ನೋಡಿ ಮುಚ್ಚಿಕೊಂಡರು.

“ನಾನು ಉಸ್ ಅನ್ನೋಕೆ ಶುರು ಮಾಡಿ ಎಷ್ಟು ದಿನ ಆಯ್ತು?” ಎಂದು ಗಂಡನನ್ನು ಕೇಳಿದಳು.

ಅವನು ತಲೆ ಕೆರೆದುಕೊಂಡ. “ಹೋದ ಬೇಸಿಗೆಯಿಂದ ಇರ್ಬೇಕು. ಯಾಕೆ?”

“ಮತ್ತೆ ಹೇಳ್ಲಿಲ್ಲ ಯಾಕೆ?”

“ಹೇಳಿದ್ನಲ್ಲೇ, ಪಂಕ್ಚರ್ ಅಂತ.”

“ಪಂಕ್ಚರ್ ಅಂತ ಗೊತ್ತಾದ್ಮೇಲೂ ಗಾಡಿ ಓಡಿಸ್ತಾನೇ ಇರಿ ಅಂತ ನಿಮ್ ಸ್ಕೂಲಲ್ಲಿ ಕಲಿಸ್ತೀರಾ?” ಗಂಡ ಮೊದಲ ಸಲ ಮೆಲುದನಿಯಲ್ಲಿ, “ಇಲ್ಲ” ಎಂದ. ಆಕೆ ಅಲ್ಲೇ ನೆಲದ ಮೇಲೆ ಕೂತು, ಯಾರೂ ಸಮಾಧಾನ ಮಾಡಲಾಗದಷ್ಟು ಹೊತ್ತು ಅತ್ತಳು.

ಮರುದಿನ ಆಕೆ ಮೂರು ಬೇಡಿಕೆ ಬರೆದುಕೊಟ್ಟಳು. ತನಗೆ ಎರಡು ವಾರ ರಜೆ. ಇನ್ನೊಬ್ಬರು ಬರುವವರೆಗೆ ದಿನಕ್ಕೆ ಹದಿನಾಲ್ಕೇ ಜನ. ಹೋದ ಬೇಸಿಗೆಯಿಂದ ಆ ಗಾಜಿನ ಎದುರು ಕೂತ ಮಕ್ಕಳೆಲ್ಲರಿಗೂ ಮರುಪರೀಕ್ಷೆ. “ನೀವು ರಜೆ ಹೋದ್ರೆ ಇಲ್ಲಿ ಯಾರು?” ಎಂದು ಡಾಕ್ಟರು ಕೇಳಿದಾಗ, “ಸದ್ಯಕ್ಕೆ ಯಾರೂ ಇಲ್ಲ” ಎಂದಳು. ಅದನ್ನು ಹೇಳುವಾಗ ಆದಷ್ಟು ಸಂತೋಷ ಆಕೆಗೆ ವರ್ಷದಿಂದ ಆಗಿರಲಿಲ್ಲ.

ರಜೆಯಲ್ಲಿ ಪವಾಡವೇನೂ ನಡೆಯಲಿಲ್ಲ. ಮೊದಲ ನಾಲ್ಕು ದಿನ ಮಲಗಿದಳು, ಐದನೆಯ ದಿನ ಮಲಗಿದ್ದಕ್ಕೆ ತನ್ನನ್ನೇ ಬೈದುಕೊಂಡಳು. ಆರನೆಯ ದಿನ ಬೇರೆ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋದಳು. “ದಣಿವಾದ್ರೆ ಮಲಗಿ ಎದ್ರೆ ಹೋಗುತ್ತೆ. ನಿಮ್ದು ಕೆಲಸಾನೇ ನಿಮ್ಮನ್ನ ತಿಂದುಹಾಕಿರೋದು. ಸೋಮಾರಿತನ ಅಲ್ಲ. ಕೆಲಸ ಮಾಡೋ ರೀತಿ ಬದಲಾಗ್ದೆ ಇದು ಹೋಗಲ್ಲ” ಎಂದು ಅವರು ಏಳು ನಿಮಿಷದಲ್ಲಿ ಹೇಳಿ ಮುಗಿಸಿದರು. ಮುಗಿಸಿ ಒಮ್ಮೆ ಉಸ್ಸೆಂದದ್ದನ್ನು ಆಕೆ ಕಂಡಳು. ಹೊರಗೆ ಬೆಂಚಿನ ಮೇಲೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು.

ತಿರುಗಿ ಕೆಲಸಕ್ಕೆ ಹೋದಾಗ ಮೇಜಿನ ಮೇಲೆ ತಪ್ಪು ವರದಿಗೆ ಕಾರಣ ಕೇಳುವ ಒಂದು ಮೆಮೊ ಕಾದಿತ್ತು. ಅದರ ಜೊತೆಗೆ, ಅರ್ಧ ದಿನಕ್ಕೆ ಬರುವ ಒಬ್ಬ ಹೊಸಬಳೂ ಕಾದಿದ್ದಳು. ಹದಿನಾಲ್ಕು ಬೇಕೆಂದದ್ದು ಹದಿನೆಂಟಕ್ಕೆ ನಿಂತಿತು. ಮರುಪರೀಕ್ಷೆಗೆ ಶನಿವಾರಗಳನ್ನು ಕೊಟ್ಟರು. ಆಕೆ ಒಳಗಿನ ಕುರ್ಚಿಯನ್ನು ಗಾಜಿಗೆ ಬೆನ್ನಾಗುವ ಹಾಗೆ ತಿರುಗಿಸಿ ನೆಲಕ್ಕೆ ಮೊಳೆ ಹೊಡೆಸಿದಳು. ಒಂದು ಚೀಟಿಯಲ್ಲಿ ‘ಕಾಯಿ’ ಎಂದು ಬರೆದು ಮೆಷಿನ್ನಿಗೆ ಅಂಟಿಸಿದಳು. ಲಿಫ್ಟಿನವನು ಬಂದು ನೋಡಿ, “ಯಾವ ಕಾಯಿ ಮೇಡಂ, ಮನೆಗೆ ತಗೊಂಡು ಹೋಗ್ಬೇಕಾ?” ಎಂದ. ಆಕೆ ನಕ್ಕಳು, ಬಹಳ ದಿನದ ಮೇಲೆ.

ಆದರೂ ಉಸ್ ಪೂರ್ತಿ ಹೋಗಲಿಲ್ಲ. ಹನ್ನೆರಡನೆಯವರೋ ಹದಿಮೂರನೆಯವರೋ ಬರುವ ಹೊತ್ತಿಗೆ ಅದು ತಾನಾಗಿ ಬರುತ್ತಿತ್ತು. ಈಗ ಬಂದದ್ದು ಗೊತ್ತಾಗುತ್ತಿತ್ತು. ಗೊತ್ತಾದ ಕೂಡಲೇ ಆಕೆ ಎದ್ದು ಹೋಗಿ ಮೆಟ್ಟಿಲ ಮೇಲೆ ಐದು ನಿಮಿಷ ನಿಂತು ಬರುತ್ತಿದ್ದಳು. ಟೋಕನ್ ಕೂಗುವವನು ಮುಖ ಸಿಂಡರಿಸಿಕೊಂಡರೆ ಸಿಂಡರಿಸಿಕೊಳ್ಳಲಿ.

ಎರಡು ತಿಂಗಳ ಮೇಲೆ ಒಂದು ಶನಿವಾರ ಹೊಲಿಗೆಯವಳು ಮಗಳನ್ನು ಕರೆತಂದಳು. ಹುಡುಗಿಯ ಎರಡೂ ಕಿವಿಯ ಹಿಂದೆ ಪುಟ್ಟ ಮೆಷಿನ್ನುಗಳಿದ್ದವು. ಅವು ಸರಿಯಾಗಿ ಕೂತಿವೆಯೇ ನೋಡಬೇಕಿತ್ತು. ತನ್ನ ಕ್ಲಾಸಿನಲ್ಲೇ ಉಳಿದಿದ್ದಾಳೆಂದು ತಾಯಿ ಹೇಳಿದಳು. ಗೋಡೆಯನ್ನು ನೋಡುತ್ತ ಹೇಳಿದಳು, ಕಿವಿ ಮೇಡಂ ಮುಖ ನೋಡಲಿಲ್ಲ. ನೋಡಬೇಕೆಂದು ಕೇಳುವ ಧೈರ್ಯ ಆಕೆಗೂ ಇರಲಿಲ್ಲ. ಅಂದಿನ ಹದಿನಾರನೆಯ ಪರೀಕ್ಷೆ. ಹುಡುಗಿಯ ಮೆಷಿನ್ನನ್ನು ಸರಿಪಡಿಸಿ, ಸೊಂಟ ಹಿಡಿದು ಎದ್ದು ನಿಲ್ಲುವಾಗ ಆಕೆ ಉಸ್ಸೆಂದಳು.

ಹುಡುಗಿ ಬೆಚ್ಚಿದಳು. ಕಣ್ಣರಳಿಸಿ ಆಕೆಯನ್ನೇ ನೋಡಿದಳು.

“ಆಂಟಿ, ಅದಕ್ಕೆ ಸದ್ದೂ ಇದೆ!”

“ಯಾವುದಕ್ಕೆ?”

“ನೀವು ಹೀಗೆ ಮಾಡ್ತೀರಲ್ಲ, ಅದಕ್ಕೆ. ಈಗ ಕೇಳಿಸ್ತು ನಂಗೆ.” ಆಮೇಲೆ ಸ್ವಲ್ಪ ಯೋಚಿಸಿ, “ಇದು ಎಲ್ರಿಗೂ ಕೇಳಿಸುತ್ತಾ?” ಎಂದಳು.

“ಹ್ಞೂಂ ಪುಟ್ಟಿ. ಎಲ್ರಿಗೂ ಕೇಳಿಸುತ್ತೆ.”

“ಮತ್ತೆ ಯಾರೂ ಯಾಕೆ ಕೈ ಎತ್ತಲ್ಲ?”